ನನ್ನ ಎಂಜಲು, ಅವಳ ರೆಕಾರ್ಡು

ಹನ್ನೆರಡು ವರ್ಷ ನಾನು ಒಂದು ಬಿಳಿ ಪಿಂಗಾಣಿ ತಟ್ಟೆಯನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದೆ. ತಟ್ಟೆಯ ತುಂಬ ಸಾಲಾಗಿ ಸಣ್ಣ ಗುಳಿಗಳು. ಒಂದೊಂದು ಗುಳಿಯಲ್ಲೂ ಒಂದೊಂದು ಹನಿ ಅಯೋಡಿನ್, ಎಲ್ಲ ಹನಿಗಳೂ ಕಡುನೀಲಿ. ತಟ್ಟೆಯ ಮುಂದೆ ನಿಂತವಳು ನನ್ನ ಬಿ.ಎಸ್ಸಿ. ಸಹಪಾಠಿ. ಆ ನೀಲಿ ಮಾಯವಾಗಬೇಕು, ಆಗುತ್ತಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಅವಳ ಕಡೆ ನಡೆದು ಬರುತ್ತಿದ್ದಾರೆ. ಮನಸ್ಸು ಕೆಟ್ಟ ದಿನಗಳಲ್ಲಿ ನಾನು ಈ ಚಿತ್ರವನ್ನು ತೆಗೆದು ನೋಡಿಕೊಳ್ಳುತ್ತಿದ್ದೆ. ಆ ನೀಲಿ ಹೋಗದಂತೆ ಮಾಡಿದವಳು ನಾನು. ಅದಕ್ಕಾಗಿ ಒಂದು ದಿನವೂ ಪಶ್ಚಾತ್ತಾಪ ಪಟ್ಟಿರಲಿಲ್ಲ.

ಆದರೆ ಡೈರಿಯಲ್ಲಿ ಅದು ಇಲ್ಲ. ಪಿಯುಸಿಯಿಂದಲೂ ದಿನಾ ಬರೆಯುವ ಅಭ್ಯಾಸ ನನ್ನದು. ಆ ದಿನದ ಪುಟದಲ್ಲಿ ಇರುವುದು ಮೂರೇ ಸಾಲು: ಪ್ರಾಕ್ಟಿಕಲ್ ಮುಗಿಯಿತು, ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು, ಅಜ್ಜಿ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಲೆಕ್ಕಾಚಾರದ ಕೇಡನ್ನು ಬಿಟ್ಟು ಬಸ್ಸಾರಿನ ಬಗ್ಗೆ ಯಾಕೆ ಬರೆದೆ? ಯಾರಾದರೂ ಓದಿಯಾರೆಂಬ ಹೆದರಿಕೆಯೇ, ಅಥವಾ ಬರೆಯುವಂಥದ್ದು ನಡೆದೇ ಇರಲಿಲ್ಲವೇ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಮಾಡಿದ್ದಕ್ಕಲ್ಲ, ಮಾಡಿಲ್ಲದಿದ್ದರೆ ಏನು ಗತಿ ಎಂದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಿಳೇಕಹಳ್ಳಿಯಲ್ಲಿ ನಮ್ಮ ರಾಗಿ ಹೊಲ ಆಗಲೇ ಸೈಟುಗಳಾಗಿತ್ತು. ಉಳಿದ ಜಾಗದಲ್ಲಿ ಅಪ್ಪ ಐದು ಬಾಡಿಗೆ ಕೋಣೆ ಕಟ್ಟಿಸಿದ್ದರು. ನಾನು ದಿನಾ ಬಸ್ಸಿನಲ್ಲಿ ಜಯನಗರದ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪ್ರಯೋಗಾಲಯದಲ್ಲಿ ರೋಲ್ ನಂಬರಿನ ಪ್ರಕಾರ ಇಬ್ಬಿಬ್ಬರನ್ನು ಜೊತೆ ಮಾಡುತ್ತಿದ್ದರು. ನನ್ನ ಜೊತೆಗೆ ಸಿಕ್ಕವಳು ಕಾಲೇಜಿನ ಹಿಂದಿನ ಬೀದಿಯವಳು. ಅವರದು ಮಡಿಯ ಮನೆ. ನಡೆದುಕೊಂಡೇ ಬರುತ್ತಿದ್ದಳು, ಹಣೆಯ ಕುಂಕುಮ ಇನ್ನೂ ಹಸಿಯಾಗಿರುತ್ತಿತ್ತು.

ಮೊದಲ ವರ್ಷದ ಮೊದಲ ಪ್ರಯೋಗ, ಕೆನ್ನೆಯ ಜೀವಕೋಶ. ಬಾಯೊಳಗೆ ಕೆನ್ನೆಯ ಗೋಡೆಯನ್ನು ಕಡ್ಡಿಯಿಂದ ಮೆತ್ತಗೆ ಕೆರೆದು, ಗಾಜಿನ ಸ್ಲೈಡಿಗೆ ಸವರಿ, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು.

"ನೀನೇ ತೆಗಿಯೇ. ಇಬ್ರೂ ನಿಂದೇ ನೋಡಿದ್ರಾಯ್ತು," ಎಂದಳು ಅವಳು.

"ಯಾಕೆ, ನಿಂಗೆ ಕೆನ್ನೆ ಇಲ್ವಾ?"

"ಇದೆ. ಎಂಜಲು ಮುಟ್ಟಿದ್ರೆ ಮನೆಗ್ಹೋಗಿ ತಲೆಗೆ ನೀರು ಹಾಕ್ಕೋಬೇಕು ಕಣೆ. ನಿಮ್ಮನೇಲಿ ಅಷ್ಟೆಲ್ಲ ನೋಡಲ್ಲ ಅಲ್ವಾ?"

ಅದನ್ನು ಅವಳು ಚುಚ್ಚಲೆಂದು ಹೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ದನಿಯಲ್ಲೇ ಕೇಳಿದಳು. ನಾನು ನಕ್ಕಿದ್ದೆ ಎಂದು ನೆನಪು. ಹಾಗಾದರೆ ಸಿಟ್ಟು ಆಗಲೇ ಬಂದಿರಲಾರದು, ಆಮೇಲೆ ಬಂದಿರಬೇಕು. ಆದರೆ ನಗುವಾಗಲೂ ಕಡ್ಡಿಯನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡಿದ್ದೆ. ಕೆನ್ನೆ ಒಳಗೆ ಎರಡು ದಿನ ಉರಿಯಿತು. ಅದು ಡೈರಿಯಲ್ಲಿದೆ.

ಸ್ಲೈಡಿನಲ್ಲಿ ಕಂಡದ್ದು ನನಗೆ ಬಹಳ ಇಷ್ಟವಾಯಿತು. ತೆಳುವಾದ, ಚಪ್ಪಟೆಯಾದ, ಅಂಚು ಮಡಚಿಕೊಂಡ ಚೂರುಗಳು, ಒಂದರ ಮೇಲೊಂದು ಬಿದ್ದಿದ್ದವು. ಒಂದೊಂದರ ನಡುವೆಯೂ ಕಡುನೀಲಿ ಚುಕ್ಕೆ, ಅದು ಕೋಶಕೇಂದ್ರ. ಅದರ ಸುತ್ತ ಮರಳಿನಂಥ ಕಣಕಣದ ಕೋಶರಸ, ಅದನ್ನು ಹಿಡಿದಿಟ್ಟ ಪೊರೆ ಇದೆಯೋ ಇಲ್ಲವೋ ಎಂಬಷ್ಟು ತೆಳು. ಇಷ್ಟು ಹೊತ್ತು ನನ್ನ ಬಾಯಲ್ಲಿದ್ದದ್ದು ಇದೇ ಎಂದು ಎಷ್ಟೋ ಹೊತ್ತು ನೋಡುತ್ತ ಕೂತೆ. ಕಂಡದ್ದನ್ನು ಕಂಡ ಹಾಗೆ ಬರೆದೆ. ಮಡಿಕೆಗಳೂ ಒಂದು ಗಾಳಿಗುಳ್ಳೆಯೂ ಬಂದವು. ಅವಳು ಒಮ್ಮೆ ಕಣ್ಣಿಟ್ಟು ನೋಡಿ, ಗುಂಡಗೆ ಒಂದೇ ಒಂದು ಕೋಶ ಬರೆದು, ಸ್ಕೇಲಿಟ್ಟು ಗೆರೆ ಎಳೆದು ಹೆಸರು ಹಾಕಿದಳು. ಆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಸಾಧ್ಯವೇ ಇಲ್ಲದ ಮೈಟೊಕಾಂಡ್ರಿಯಾಗಳನ್ನು ಪುಸ್ತಕ ನೋಡಿ ಸೇರಿಸಿದಳು. ನಮ್ಮ ಮೇಷ್ಟ್ರು ಅವಳ ರೆಕಾರ್ಡನ್ನು ಎತ್ತಿ ತರಗತಿಗೆ ತೋರಿಸಿದರು.

"ರೆಕಾರ್ಡು ಅಂದ್ರೆ ಹೀಗಿರ್ಬೇಕು. ಏನಮ್ಮಾ ನಿಂದು, ರೊಟ್ಟಿ ಸುಟ್ಟಂಗಿದೆ. ಇನ್ನೊಂದ್ಸಲ ಬರ್ಕೊಂಬಾ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳ ರೆಕಾರ್ಡಿನಲ್ಲಿ ಆ ದಿನ ಭೇಷ್ ಅನ್ನಿಸಿಕೊಂಡ ಕೋಶ ನನ್ನ ಕೆನ್ನೆಯದು.

ಮೂರನೆಯ ವರ್ಷಕ್ಕೆ ಕಿಣ್ವಗಳು ಬಂದವು. ಜೊಲ್ಲಿನಲ್ಲಿ ಒಂದು ಕಿಣ್ವವಿದೆ. ಅನ್ನ, ರಾಗಿ, ಆಲೂಗಡ್ಡೆಗಳಲ್ಲಿರುವ ಪಿಷ್ಟವನ್ನು ಅದು ತುಂಡರಿಸಿ ಸಕ್ಕರೆ ಮಾಡುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದಕ್ಕೇ. ಪ್ರಯೋಗ ಸರಳ. ಬಾಯಿ ಮುಕ್ಕಳಿಸಿ, ಒಂದು ಗುಟುಕು ಬೆಚ್ಚನೆಯ ನೀರನ್ನು ಬಾಯಲ್ಲಿಟ್ಟುಕೊಂಡು, ಬೀಕರಿಗೆ ಉಗಿಯಬೇಕು. ಅದನ್ನು ತೆಳುವಾದ ಗಂಜಿಗೆ ಹಾಕಿ, ನಿಮಿಷಕ್ಕೊಂದು ಹನಿ ತೆಗೆದು, ಪಿಂಗಾಣಿ ತಟ್ಟೆಯ ಅಯೋಡಿನ್‌ಗೆ ಬಿಡಬೇಕು. ಪಿಷ್ಟ ಇರುವ ತನಕ ನೀಲಿ. ಕಿಣ್ವ ಕೆಲಸ ಮಾಡುತ್ತ ಹೋದಂತೆ ನೇರಳೆ, ಕಂದು, ಕೊನೆಗೆ ಬರೀ ಅಯೋಡಿನ್ನಿನ ಹಳದಿ.

"ಎಂಜಲು ಅಂದ್ರೆ ಏನು? ನೀರು, ಉಪ್ಪು, ಲೋಳೆ, ಒಂದಿಷ್ಟು ಪ್ರೋಟೀನು. ಸಂಕೋಚ ಬೇಡ, ಉಗೀರಿ," ಎಂದರು ಮೇಷ್ಟ್ರು.

"ಸಾರ್, ಇವತ್ತು ಶನಿವಾರ, ನಂಗೆ ಒಪ್ಪೊತ್ತು," ಎಂದಳು ನನ್ನ ಜೊತೆಯವಳು.

"ಹಾಗಾದ್ರೆ ನಿನ್ನ ಪಾರ್ಟ್ನರ್ದು ತಗೋ. ಕಿಣ್ವ ಕಿಣ್ವಾನೇ."

ನಮ್ಮ ಪ್ರಾಕ್ಟಿಕಲ್ ಯಾವಾಗಲೂ ಶನಿವಾರವೇ. ಅದೇ ಕಿಣ್ವದ ಮೇಲೆ ಬಿಸಿ ಎಷ್ಟಿರಬೇಕು, ಹುಳಿ ಎಷ್ಟಿರಬೇಕು, ಉಪ್ಪು ಎಷ್ಟಿರಬೇಕು ಎಂದು ವಾರಗಟ್ಟಲೆ ಪ್ರಯೋಗಗಳು. ಪ್ರತಿ ಶನಿವಾರವೂ ನಾನು ಸಿಂಕಿನ ಹತ್ತಿರ ಹೋಗಿ ಇಬ್ಬರಿಗಾಗುವಷ್ಟು ಉಗಿದು ತರುತ್ತಿದ್ದೆ. ಬಿಸಿ ಟೆಸ್ಟ್ ಟ್ಯೂಬ್ ಹಿಡಿಯಲೆಂದು ನಾವು ಕಾಗದವನ್ನು ಉದ್ದಕ್ಕೆ ಮಡಚಿ ಪಟ್ಟಿ ಮಾಡಿಕೊಳ್ಳುತ್ತಿದ್ದೆವು. ಅವಳು ರಫ್ ನೋಟ್‌ಬುಕ್ಕಿನ ಹಾಳೆ ಹರಿದು, ಅಂಥದೇ ಪಟ್ಟಿ ಮಾಡಿ, ನನ್ನ ಎಂಜಲಿನ ತಣ್ಣನೆಯ ಟ್ಯೂಬಿನ ಕುತ್ತಿಗೆಗೆ ಸುತ್ತಿ, ಎರಡು ಬೆರಳಲ್ಲಿ ಎತ್ತುತ್ತಿದ್ದಳು. ಕೆಲಸ ಮುಗಿದ ಮೇಲೆ ಪಟ್ಟಿ ಕಸದ ಬುಟ್ಟಿಗೆ.

ನನ್ನ ಎಂಜಲು ಚುರುಕಾಗಿತ್ತು. ಬೇರೆಯವರದು ಆರೇಳು ನಿಮಿಷ ತೆಗೆದುಕೊಂಡರೆ ನನ್ನದು ನಾಲ್ಕಕ್ಕೇ ನೀಲಿ ಹೋಗಲಾಡಿಸುತ್ತಿತ್ತು. ಬೇಗ ಮನೆಗೆ ಹೋಗಬೇಕಾದ ಇನ್ನಿಬ್ಬರೂ ಕೇಳತೊಡಗಿದರು. "ಈ ಬ್ಯಾಚಿಗೆಲ್ಲಾ ಇವ್ಳೇ ಎಂಜೈಮ್ ಸಪ್ಲೈಯರ್ರು," ಎಂದು ಮೇಷ್ಟ್ರು ತಮಾಷೆ ಮಾಡಿದರು. ಆ ದಿನದ ಡೈರಿ ನೋಡಿದರೆ ನಾಚಿಕೆಯಾಗುತ್ತದೆ. ಅದರಲ್ಲಿ ಹೆಮ್ಮೆ ಇದೆ.

ಆ ಹೆಮ್ಮೆಯನ್ನು ಕಿತ್ತು ಕೈಗೆ ಕೊಟ್ಟವಳು ನಮ್ಮಜ್ಜಿ. ಜಗಲಿಯಲ್ಲಿ ಕೂತು ಕಾಳು ಆರಿಸುತ್ತಿದ್ದವಳಿಗೆ ಕಾಲೇಜಿನ ಕತೆ ಹೇಳುವಾಗ ಇದನ್ನೂ ಹೇಳಿದೆ, ನಗಿಸಲೆಂದು. ಅಜ್ಜಿ ನಗಲಿಲ್ಲ. ಮೊರ ಕೆಳಗಿಟ್ಟಳು.

"ಉಗಿಯಾಕೂ ಆಳು ಮಡಿಕ್ಕೊಂಡವ್ಳಾ ಅವ್ಳು?"

"ಆಳಲ್ಲ ಅಜ್ಜಿ, ಪ್ರಯೋಗ."

"ಅದೇನ್ ಪ್ರಯೋಗ್ವೋ. ಅವ್ಳಿಗೆ ಎಂಜ್ಲು, ನಿಂಗೆ ಎಂಜ್ಲಲ್ವಾ?"

ನಮ್ಮಜ್ಜಿ ಸಾಯುವ ತನಕ ಲೋಟವನ್ನು ತುಟಿಗೆ ತಾಗಿಸಿದವಳಲ್ಲ. ಕತ್ತೆತ್ತಿ ಮೇಲಿನಿಂದ ನೀರು ಹೊಯ್ದುಕೊಳ್ಳುತ್ತಿದ್ದಳು. ಉಂಡ ಜಾಗವನ್ನು ಒರೆಸದೆ ಯಾರೂ ಅದನ್ನು ದಾಟುವಂತಿರಲಿಲ್ಲ. ಮಗು ಕಚ್ಚಿದ ಬೆಲ್ಲವನ್ನು ಇನ್ನೊಂದು ಮಗುವಿಗೆ ಕೊಟ್ಟರೆ ಬೈಗಳು. ನಿಮ್ಮನೇಲಿ ಅಷ್ಟೆಲ್ಲ ನೋಡಲ್ಲ ಅಲ್ವಾ ಎಂದವಳಿಗೆ ನಾನು ಇದಿಷ್ಟನ್ನೂ ಹೇಳಬಹುದಿತ್ತು. ಹೇಳದೆ ನಕ್ಕಿದ್ದೆ. ಎರಡು ವರ್ಷ ಹಿಂದಿನ ಆ ನಗುವೇ ನನಗೆ ಈಗ ಉರಿಯತೊಡಗಿತು. ಅವಳಿಗೆ ತಿರುಗಿಸಿ ಕೊಡಬೇಕು, ಅದೂ ಅವಳು ತೆಗೆದುಕೊಂಡ ದಾರಿಯಲ್ಲೇ ಕೊಡಬೇಕು ಎಂದು ಅಂದೇ ತೀರ್ಮಾನಿಸಿದೆ. ಅಂದೇ ಎನ್ನುವುದು ನೆನಪಿನ ಮಾತು. ಡೈರಿಯಲ್ಲಿ ಅಜ್ಜಿಯ ಮಾತು ಮಾತ್ರ ಇದೆ, ಅಡಿಗೆರೆ ಎಳೆದಿದ್ದೇನೆ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕಿತ್ತು. ಅವಳಿಗೆ ಬಂದದ್ದು ಜೊಲ್ಲಿನ ಕಿಣ್ವ. ನನಗೆ ಸಕ್ಕರೆ ಪರೀಕ್ಷೆ: ನೀಲಿ ದ್ರಾವಣಕ್ಕೆ ಸಕ್ಕರೆ ಹಾಕಿ ಕುದಿಯುವ ನೀರಿನಲ್ಲಿಟ್ಟರೆ ಇಟ್ಟಿಗೆ ಕೆಂಪಾಗುತ್ತದೆ. ಹಾಗಾಗಿ ನನ್ನ ಮೇಜಿನ ಮೇಲೆ ಬರ್ನರಿನ ಮೇಲೊಂದು ಬೀಕರ್, ಅದರಲ್ಲಿ ಕೊತಕೊತ ಕುದಿಯುವ ನೀರು. ಪಕ್ಕದ ಮೇಜಿನಿಂದ ಅವಳು ಪಿಸುಗುಟ್ಟಿದಳು.

"ಲೇ, ಸ್ವಲ್ಪ ಕೊಡೆ."

"ಪರೀಕ್ಷೇಲೂನಾ?"

"ಪ್ಲೀಸ್ ಕಣೆ. ನಿಂದು ಫಾಸ್ಟು."

ಮುಂದಿನದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೆ. ಸಿಂಕಿಗೆ ಹೋಗಿ ಬಾಯಿ ಮುಕ್ಕಳಿಸಿ ಟ್ಯೂಬಿಗೆ ಉಗಿದೆ. ವಾಪಸು ಬಂದು ಆ ಟ್ಯೂಬನ್ನು ನನ್ನ ಕುದಿಯುವ ಬೀಕರಿನಲ್ಲಿ, ನನ್ನ ಸಕ್ಕರೆಯ ಟ್ಯೂಬುಗಳ ನಡುವೆ, ಒಂದೈದು ನಿಮಿಷ ನಿಲ್ಲಿಸಿದೆ. ಕಿಣ್ವ ಎಂದರೆ ಪ್ರೋಟೀನಿನ ಉದ್ದನೆಯ ಸರ. ಅದು ತನ್ನದೇ ಒಂದು ಆಕಾರದಲ್ಲಿ ಮಡಚಿಕೊಂಡಿರುತ್ತದೆ, ಆ ಆಕಾರ ಇದ್ದರೆ ಮಾತ್ರ ಕೆಲಸ. ಕುದಿಸಿದರೆ ಮಡಿಕೆ ಬಿಚ್ಚಿ ಗಂಟುಗಂಟಾಗುತ್ತದೆ. ಆಮೇಲೆ ತಣ್ಣಗೆ ಮಾಡಿದರೂ ಮೊದಲಿನ ಹಾಗಾಗುವುದಿಲ್ಲ. ತೂಕಕ್ಕೆ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ, ಎಲ್ಲ ಅಲ್ಲೇ ಇರುತ್ತದೆ, ಕೆಲಸಕ್ಕೆ ಮಾತ್ರ ಬಾರದು. ಅದು ನನಗೆ ಬಹಳ ಹಿಡಿಸಿತ್ತು. ಅವಳು ಕೇಳಿದ್ದನ್ನೇ ಕೊಡುತ್ತಿದ್ದೆ. ನಲ್ಲಿಯ ಕೆಳಗೆ ಹಿಡಿದು ತಣಿಸಿ, ಅವಳ ಕೈಗಿಟ್ಟೆ. ಆಮೇಲೆ ತಟ್ಟೆಯಲ್ಲಿ ನೀಲಿ, ನೀಲಿ, ನೀಲಿ.

ಅವಳಿಗೆ ಫಸ್ಟ್ ಕ್ಲಾಸ್ ಬಂತೆಂದು ಆಮೇಲೆ ಯಾರೋ ಹೇಳಿದರು. ಥಿಯರಿಯಲ್ಲಿ ತೆಗೆದಿರಬೇಕು ಅಂದುಕೊಂಡೆ. ಅವಳಿಗೆ ಮದುವೆಯಾಯಿತು. ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿ ಜೆಪಿ ನಗರದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದೆ. ಊರಿನವರ ರಕ್ತ, ಮೂತ್ರ, ಕಫ ಎಲ್ಲ ನನ್ನ ಕೈಮೇಲೇ ಹಾದು ಹೋಗತೊಡಗಿತು.

ಹನ್ನೆರಡು ವರ್ಷದ ಮೇಲೆ ಒಂದು ಬೆಳಗ್ಗೆ ಲ್ಯಾಬಿನ ಬಾಗಿಲು ತಳ್ಳಿಕೊಂಡು ಅವಳು ಬಂದಳು. ಸ್ವಲ್ಪ ದಪ್ಪಗಾಗಿದ್ದಳು. ಕುಂಕುಮ ಹಾಗೇ ಹಸಿ. ನನ್ನನ್ನು ನೋಡಿ ನಿಜವಾಗಿಯೂ ಸಂತೋಷಪಟ್ಟಳು, ಅದೇ ನನಗೆ ಕಷ್ಟವಾಯಿತು. ಪಿತ್ತಕೋಶದಲ್ಲಿ ಕಲ್ಲಂತೆ, ಆಪರೇಷನ್ನಿಗೆ ಮುಂಚೆ ಸಕ್ಕರೆ ನೋಡಬೇಕಂತೆ. ಅವಳಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು; ತನಗೂ ಬಂದಿದ್ದರೆ ಎಂಬ ಭಯ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಖಾಲಿ ಹೊಟ್ಟೇನಾ?" ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ.

"ಒಂದ್ಹನಿ ಕಾಫಿನೂ ಇಲ್ಲ. ಪೂಜೆ ಮುಗಿಸಿ ಸೀದಾ ಬಂದೆ."

"ಪೂಜೆ ಆದ್ಮೇಲೆ ಏನೂ ತಗೊಂಡಿಲ್ವಾ?"

"ಪಂಚಾಮೃತ ತಗೊಂಡೆ, ಒಂದ್ ಉದ್ಧರಣೆ. ಅದು ಊಟನಾ?"

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ತುಪ್ಪ ಬಿಟ್ಟರೆ ಉಳಿದ ನಾಲ್ಕರಲ್ಲೂ ಸಕ್ಕರೆಯ ಒಂದೊಂದು ಬಗೆ. ಇದನ್ನು ಅವಳಿಗೆ ಪಾಠ ಮಾಡಬೇಕಿರಲಿಲ್ಲ, ನನ್ನ ಜೊತೆಗೇ ಓದಿದವಳು. ಆದರೂ ಪ್ರಸಾದದಿಂದ ಉಪವಾಸ ಕೆಡುವುದಿಲ್ಲ ಎಂಬುದು ಅವಳಿಗೆ ಅದಕ್ಕಿಂತ ಮುಂಚೆಯೇ ಬಂದ ಪಾಠ. ನಮ್ಮ ಲ್ಯಾಬಿಗೆ ಹೀಗೆ ಬರುವವರು ವಾರಕ್ಕೊಬ್ಬರಾದರೂ ಇರುತ್ತಿದ್ದರು.

"ನಾಳೆ ಬಾ," ಎಂದೆ.

"ಒಂದ್ ಉದ್ಧರಣೆಗಾ? ಇವತ್ತು ಸಾಯಂಕಾಲ ಡಾಕ್ಟ್ರಿಗೆ ತೋರಿಸ್ಬೇಕು ಕಣೆ. ಅಡ್ಜಸ್ಟ್ ಮಾಡ್ಕೋ."

"ಆಗಲ್ಲ. ರೂಲ್ಸು."

ರೂಲ್ಸು ಹೌದು. ಆದರೆ ಅಷ್ಟಕ್ಕೆ ಎಷ್ಟು ಏರೀತು? ಹಿಂದಿನ ವಾರವಷ್ಟೇ ತೀರ್ಥ ತೆಗೆದುಕೊಂಡು ಬಂದಿದ್ದ ಒಬ್ಬ ಮುದುಕರ ರಕ್ತವನ್ನು ನಾನು ಏನೂ ಅನ್ನದೆ ತೆಗೆದಿದ್ದೆ. ಇವಳು ಕುರ್ಚಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ನಾಳೆ ಮತ್ತೆ ಹಸಿದುಕೊಂಡು ಬರಬೇಕು ಎಂಬುದಷ್ಟೇ ನನಗೆ ಬೇಕಿದ್ದದ್ದು.

ಅವಳು ಏಳಲಿಲ್ಲ. ನನ್ನನ್ನೇ ನೋಡುತ್ತ ಕೂತಳು. ಆಮೇಲೆ ಸಣ್ಣಗೆ ನಕ್ಕಳು.

"ನೀನು ಇನ್ನೂ ಹಂಗೇ ಇದೀಯ. ಅವತ್ತು ಪರೀಕ್ಷೇಲಿ ಆ ಟ್ಯೂಬು ಬೆಚ್ಚಗಿತ್ತು."

ನಾನು ಕೈಲಿದ್ದ ಹತ್ತಿಯನ್ನು ಟ್ರೇಯಲ್ಲಿಟ್ಟೆ.

"ಯಾವ ಟ್ಯೂಬು?"

"ಗೊತ್ತಿಲ್ದಂಗೆ ಆಡ್ಬೇಡ್ವೇ. ನಾನೂ ಬಯೋಕೆಮಿಸ್ಟ್ರಿನೇ ಓದಿದ್ದು. ಬಾಯಿಂದ ಬಂದಿದ್ದು ಅಷ್ಟು ಬಿಸಿ ಇರತ್ತಾ? ನೂರಾನಾಲ್ಕು ಜ್ವರ ಬಂದ್ರೂ ಇರಲ್ಲ."

ಪರೀಕ್ಷೆಯ ಕೋಣೆಗೆ ತುಂಡು ಕಾಗದವನ್ನೂ ಒಯ್ಯುವಂತಿರಲಿಲ್ಲ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ವರ್ಷವಿಡೀ ಪಟ್ಟಿ ಸುತ್ತಿ ಎತ್ತಿದವಳು ಆ ಒಂದು ದಿನ, ಕಾಗದ ಸಿಗದೆ, ನನ್ನ ಟ್ಯೂಬನ್ನು ಬರಿಗೈಯಲ್ಲಿ ಹಿಡಿದಿದ್ದಳು.

"ಮತ್ತೆ ಏನ್ಮಾಡ್ದೆ?"

"ಸಿಂಕಿಗೆ ಸುರಿದೆ. ನಂದೇ ಉಗುಳ್ಕೊಂಡೆ."

"ನೀನು?"

"ಇನ್ನೇನ್ಮಾಡ್ಲಿ, ಫೇಲ್ ಆಗ್ಲಾ? ಆರು ನಿಮಿಷಕ್ಕೆ ಬಣ್ಣ ಹೋಯ್ತು. ನಿಂದಷ್ಟು ಫಾಸ್ಟ್ ಅಲ್ಲ ಬಿಡು."

"ಮನೆಗ್ಹೋಗಿ ತಲೆಗೆ ನೀರು ಹಾಕ್ಕೊಂಡ್ಯಾ?"

"ಎಲ್ಲಿ, ಮನೆಗೇ ಹೋಗ್ಲಿಲ್ಲ. ಪರೀಕ್ಷೆ ಮುಗೀತಲ್ಲ, ಕಸಿನ್ಸ್ ಜೊತೆ ಸೀದಾ ಮ್ಯಾಟ್ನಿಗೆ ಹೋದ್ವಿ." ಸ್ವಲ್ಪ ತಡೆದು ಸೇರಿಸಿದಳು: "ನಾನು ಯಾರ ಹತ್ರಾನೂ ಹೇಳ್ಲಿಲ್ಲ ನೋಡು."

ಅದಕ್ಕೆ ನಾನು ಏನಾದರೂ ಹೇಳಲೆಂದು ಕಾದಳು. ಥ್ಯಾಂಕ್ಸ್ ಎನ್ನಬೇಕಿತ್ತೇನೋ. ನನಗೆ ಆ ಕ್ಷಣದಲ್ಲಿ ಎರಡು ಒಟ್ಟಿಗೇ ತಿಳಿದವು. ಕುದಿಸಿದ್ದು ನಿಜ, ಇಷ್ಟು ವರ್ಷ ನನ್ನ ಡೈರಿ ಕೊಡದ ಸಾಕ್ಷಿಯನ್ನು ಅವಳೇ ಕೊಟ್ಟಿದ್ದಳು. ಆದರೆ ತಟ್ಟೆಯ ತುಂಬ ನೀಲಿ ಹನಿಗಳು, ಹತ್ತಿರ ಬರುವ ಪರೀಕ್ಷಕರು, ಇವು ಯಾವುವೂ ನಡೆದಿರಲಿಲ್ಲ. ಕುದಿಸಿದ ಎಂಜಲನ್ನು ಬೇಕೆಂದೇ ಹಾಕಿ, ನೀಲಿ ಹೋಗುವುದಿಲ್ಲವೆಂದು ತೋರಿಸುವ ಒಂದು ಪ್ರಯೋಗವನ್ನು ನಾವು ತರಗತಿಯಲ್ಲಿ ಮಾಡಿದ್ದೆವು. ಆ ತಟ್ಟೆಯನ್ನೇ ಎತ್ತಿ ತಂದು ಅವಳ ಮುಂದೆ ಇಟ್ಟುಕೊಂಡಿದ್ದೆನೋ ಏನೋ. ಹನ್ನೆರಡು ವರ್ಷ ನಾನು ಸಮಾಧಾನ ಪಟ್ಟುಕೊಂಡದ್ದು ನನ್ನ ಸ್ವಂತ ತಟ್ಟೆಯನ್ನು ನೋಡಿ.

ಅದಕ್ಕಿಂತ ಹೆಚ್ಚು ಉರಿದದ್ದು ಆ ಮ್ಯಾಟ್ನಿ. ಅವಳಿಗೆ ಉಗಿಯಲು ಬರುತ್ತಿತ್ತು. ಬೇಕೆಂದರೆ ಯಾವ ಶನಿವಾರವೂ ಅಡ್ಡ ಬರುತ್ತಿರಲಿಲ್ಲ. ತನ್ನ ಅಂಕಕ್ಕೆ ಕುತ್ತು ಬಂದಾಗ ಎರಡು ನಿಮಿಷದಲ್ಲಿ ಬಿಟ್ಟ ಮಡಿಗಾಗಿ ನಾನು ವರ್ಷವಿಡೀ ಸಿಂಕಿನ ಮುಂದೆ ಬಗ್ಗಿದ್ದೆ. ನಮ್ಮಜ್ಜಿ ಹೇಳಿದ್ದು ಅಕ್ಷರಕ್ಕಕ್ಷರ ಸರಿಯಾಗಿತ್ತು.

"ನಾಳೆ ಬಾ," ಎಂದೆ. "ಬರೀ ಹೊಟ್ಟೇಲಿ. ತೀರ್ಥನೂ ಬೇಡ. ಬೆಳಗಿನ ಮೂತ್ರನೂ ತಗೊಂಬಾ," ಎಂದು ಡಬ್ಬಿ ಕೊಟ್ಟೆ.

ಅವಳು ಜಗಳವಾಡಲಿಲ್ಲ. ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೋದಳು. ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳಾಡಿದ ಒಂದೊಂದು ಮಾತನ್ನೂ ಡೈರಿಗೆ ಇಳಿಸಿದೆ. ಈ ಸಲ ನೆನಪಿನ ಕೈಗೆ ಕೊಡುವುದು ಬೇಡವೆಂದು.

ಮರುದಿನ ಬಂದಳು. ಹಸಿವಿನಿಂದ ಮುಖ ಬಾಡಿತ್ತು. ರಕ್ತ ತೆಗೆದೆ, ಒಂದೇ ಸಲಕ್ಕೆ ನರ ಸಿಕ್ಕಿತು, ಅದರಲ್ಲಿ ನಾನು ಮೋಸ ಮಾಡಲಿಲ್ಲ. ಆಮೇಲೆ ಅವಳು ಮೂತ್ರದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ನನ್ನ ಕೈಗೆ ಗ್ಲೌಸ್ ಇತ್ತು. ಆದರೂ ನಾನು ಪಕ್ಕದಲ್ಲಿದ್ದ ಹಳೆಯ ರಸೀದಿ ಪುಸ್ತಕದಿಂದ ಒಂದು ಹಾಳೆ ಹರಿದೆ. ಉದ್ದಕ್ಕೆ ಮಡಚಿದೆ. ಮತ್ತೆ ಮಡಚಿದೆ. ಆ ಪಟ್ಟಿಯನ್ನು ಡಬ್ಬಿಯ ಕುತ್ತಿಗೆಗೆ ಸುತ್ತಿ, ಎರಡೇ ಬೆರಳಲ್ಲಿ ಎತ್ತಿ, ತೋಳುದ್ದ ದೂರ ಹಿಡಿದೆ.

"ಗ್ಲೌಸ್ ಹಾಕಿದೀಯಲ್ಲ, ಪೇಪರ್ ಯಾಕೆ?" ಎಂದಳು.

"ನಮ್ಮನೇಲೂ ನೋಡ್ತೀವಿ ಕಣೆ," ಎಂದೆ.

ಹದಿನೈದು ವರ್ಷ ತಡವಾದ ಉತ್ತರ. ಅವಳ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಆಗಲಿಲ್ಲ. ಯಾವ ಮನೆ, ಏನು ನೋಡುವುದು ಎಂಬಂತೆ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು, ಅಷ್ಟೇ. ಟ್ಯೂಬಿನ ಬಿಸಿಯನ್ನು ಅಷ್ಟು ವರ್ಷ ನೆನಪಿಟ್ಟವಳು ತಾನಾಡಿದ ಮಾತನ್ನು ಪೂರ್ತಿ ಮರೆತಿದ್ದಳು. ವಿವರಿಸಿ ಹೇಳಲು ನನಗೆ ಮನಸ್ಸಾಗಲಿಲ್ಲ. ವಿವರಿಸಬೇಕಾದ ಏಟು ಏಟೇ ಅಲ್ಲ.

"ರಿಪೋರ್ಟು ಸಾಯಂಕಾಲ ಸಿಗತ್ತಾ? ನಂಗೆ ತುಂಬಾ ಭಯ ಆಗ್ತಿದೆ ಕಣೆ," ಎಂದಳು ಬಾಗಿಲಲ್ಲಿ ನಿಂತು.

"ನಾಲ್ಕು ಗಂಟೆಗೆ ಬಾ."

ನಮ್ಮ ಲ್ಯಾಬಿನ ಡಾಕ್ಟರು ಹಳೆಯ ಕಾಲದವರು. ಮೂತ್ರದ ಸಕ್ಕರೆಗೆ ಅದ್ದಿ ನೋಡುವ ಪಟ್ಟಿಗಳು ಬಂದಿದ್ದರೂ ಕಾಲೇಜಿನಲ್ಲಿ ನನಗೆ ಚೀಟಿಯಲ್ಲಿ ಬಂದಿದ್ದ ಅದೇ ಪರೀಕ್ಷೆಯನ್ನೇ ಮಾಡಿಸುತ್ತಿದ್ದರು. ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ ಕುದಿಯುವ ನೀರಿನಲ್ಲಿ ನಿಲ್ಲಿಸಿದೆ. ಸಕ್ಕರೆ ಇದ್ದರೆ ಹಸಿರು, ಹಳದಿ, ಇಟ್ಟಿಗೆ ಕೆಂಪು. ನಾನು ಬಯಸಿದ್ದು ಯಾವ ಬಣ್ಣ ಎಂದು ಇಲ್ಲಿ ಸುಳ್ಳು ಹೇಳುವುದಿಲ್ಲ. ಐದು ನಿಮಿಷ ಸಾಕು. ನಾನು ಹತ್ತು ನಿಮಿಷ ಇಟ್ಟೆ.

ನೀಲಿ ಹೋಗಲಿಲ್ಲ. ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕಡುನೀಲಿ. ಇಷ್ಟು ವರ್ಷ ಅವಳ ಮುಂದೆ ಕಾಣಬೇಕೆಂದು ನಾನು ಹಂಬಲಿಸಿದ ನೀಲಿ ಈಗ ಅವಳ ಹೆಸರು ಬರೆದ ಟ್ಯೂಬಿನಲ್ಲಿತ್ತು, ಅವಳಿಗೆ ಕಾಯಿಲೆ ಇಲ್ಲ ಎಂದು ಹೇಳುತ್ತ. ರಕ್ತದ ಸಕ್ಕರೆಯೂ ಸರಿಯಾಗಿಯೇ ಬಂತು. ಇನ್ನೊಮ್ಮೆ ಕುದಿಸಿದೆ. ಬೆರಳು ಬೆಚ್ಚಗಾಯಿತು, ಬಣ್ಣ ಬದಲಾಗಲಿಲ್ಲ.

ಫಾರಂ ತೆಗೆದುಕೊಂಡು ಸಕ್ಕರೆ ಎಂದಿರುವ ಜಾಗದಲ್ಲಿ 'ಇಲ್ಲ' ಎಂದು ಬರೆದೆ. ನಾಲ್ಕು ಗಂಟೆಗೆ ಅವಳು ಬಂದಾಗ ರಿಪೋರ್ಟು ಕೊಡುವ ಕಿಟಕಿಯ ಕೆಳಗಿನ ಸಂದಿಯಿಂದ ಅದನ್ನು ಆಚೆ ತಳ್ಳಿದೆ.